ನಕ್ಷೆಯಲ್ಲಿ ಇಲ್ಲದ ತೋಡು

ಪಡುಮಜಲಿನ ಕಡತ ಹರಿಣಾಕ್ಷಿಯ ಮೇಜಿಗೆ ಬಂದದ್ದು ಜನವರಿಯ ಎರಡನೆಯ ವಾರದಲ್ಲಿ. ಪಡುಮಜಲು ಕಾಪುವಿನಿಂದ ಒಳಕ್ಕೆ ಆರು ಕಿಲೋಮೀಟರ್ ದೂರದ ಊರು. ಅಲ್ಲಿನ ಒಂಬತ್ತು ಎಕರೆ ಬೈಲು ಗದ್ದೆಯಲ್ಲಿ ಇಪ್ಪತ್ತನಾಲ್ಕು ವಿಲ್ಲಾಗಳನ್ನು ಕಟ್ಟಲು ಅನುಮತಿ ಕೇಳಿದ್ದರು. ಒಂದೊಂದು ಮನೆಗೆ ಇಪ್ಪತ್ತೈದು ಸೆಂಟ್ಸ್ ಜಾಗ, ನಡುವೆ ಅಗಲವಾದ ರಸ್ತೆ, ಮೂಲೆಯಲ್ಲಿ ಉದ್ಯಾನ. ಅರ್ಜಿಯ ಮೇಲೆ ‘ಕಡಿಮೆ ಸಾಂದ್ರತೆಯ ವಸತಿ ಬಡಾವಣೆ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು.

ಹರಿಣಾಕ್ಷಿ ಯೋಜನಾ ಪ್ರಾಧಿಕಾರದಲ್ಲಿ ಸಹಾಯಕ ನಗರ ಯೋಜಕಿ. ಬಡಾವಣೆಗಳ ನಕ್ಷೆ ಮಹಾಯೋಜನೆಗೆ ಹೊಂದುತ್ತದೆಯೇ ಎಂದು ನೋಡಿ ಬರೆಯುವುದು ಅವಳ ಕೆಲಸ. ಮಹಾಯೋಜನೆಯಲ್ಲಿ ಹಳದಿ ಬಣ್ಣ ಇದ್ದರೆ ವಸತಿ, ಹಸಿರು ಇದ್ದರೆ ಕೃಷಿ, ನೀಲಿ ಇದ್ದರೆ ನೀರು. ನೀಲಿ ಗೆರೆಯ ಎರಡೂ ಬದಿಗೆ ಜಾಗ ಬಿಡಬೇಕು, ಅದನ್ನು ತುಂಬಿಸುವಂತಿಲ್ಲ. ಪಡುಮಜಲಿನ ಒಂಬತ್ತು ಎಕರೆಯೂ ಅಂಚಿನಿಂದ ಅಂಚಿಗೆ ಹಳದಿ. ರಸ್ತೆಯ ಅಗಲ ಸರಿ, ಉದ್ಯಾನದ ಪಾಲು ಸರಿ, ಎಕರೆಗೆ ಮನೆಗಳ ಲೆಕ್ಕ ನಿಯಮಕ್ಕಿಂತ ಕಡಿಮೆಯೇ. ಮೂರು ಸೆಂಟ್ಸಿಗೊಂದು ಮನೆ ತುರುಕಿಕೊಂಡು ಬರುವ ಅರ್ಜಿಗಳನ್ನೇ ನೋಡಿ ಬೇಸತ್ತಿದ್ದ ಅವಳಿಗೆ ಇದು ಹಿತವೆನಿಸಿತು. ಸ್ಥಳ ಪರಿಶೀಲನೆ ಒಂದು ಬಾಕಿ ಇತ್ತು. ‘ನಿಯಮಕ್ಕೆ ಅನುಗುಣವಾಗಿದೆ’ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟು, ಗುರುವಾರ ಬೆಳಿಗ್ಗೆ ಕಚೇರಿಯ ಜೀಪಿನಲ್ಲಿ ಹೊರಟಳು.

ಬಡಾವಣೆಯ ಪಾಲುದಾರ ಜಿತೇಶ್ ಅಲ್ಲಿ ಕಾಯುತ್ತಿದ್ದ. ಕಾರ್ಕಳದವನು, ಹನ್ನೆರಡು ವರ್ಷ ದುಬೈಯಲ್ಲಿದ್ದು ಬಂದವನು, ಮೆದು ಮಾತಿನವನು. ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗಳಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಕಲ್ಲು ನೆಟ್ಟ ಗಡಿಗಳನ್ನು ಅವನು ಒಂದೊಂದಾಗಿ ತೋರಿಸುತ್ತ ಹೋದ. ಗದ್ದೆಗಳ ನಟ್ಟನಡುವೆ ಬಂದಾಗ ಹರಿಣಾಕ್ಷಿಗೆ ನೀರಿನ ಸದ್ದು ಕೇಳಿಸಿತು.

“ಇದು ಎಂತ?”

“ಮಳೆಗಾಲದ ನೀರು ಮೇಡಂ. ಇನ್ನೂ ಒಣಗಿಲ್ಲ ಅಷ್ಟೆ.”

ಹುಲ್ಲು ಸರಿಸಿ ನೋಡಿದಳು. ಆರೇಳು ಅಡಿ ಅಗಲದ ತೋಡು, ಅಡಿಯ ಮರಳು ಕಾಣುವಷ್ಟು ತಿಳಿ ನೀರು. ಮೇಲ್ಗಡೆ ಒಬ್ಬ ಮುದುಕ ಸೊಂಟಕ್ಕೆ ಬೈರಾಸು ಸುತ್ತಿಕೊಂಡು, ತೋಡಿಗೆ ಅಡ್ಡವಾಗಿ ಹಾಕಿದ್ದ ಮಣ್ಣಿನ ಕಟ್ಟವನ್ನು ಹಾರೆಯಿಂದ ಸರಿಮಾಡುತ್ತಿದ್ದ. ಹೆಸರು ಕೇಳಿದಾಗ ಹೂವಪ್ಪ ಎಂದ. ಅವನ ಹಿಂದೆ, ಗುಡ್ಡೆಯ ಬುಡದಲ್ಲಿ, ಒಂದಕ್ಕೊಂದು ಅಂಟಿಕೊಂಡಂತೆ ಏಳು ಸಣ್ಣ ಹಂಚಿನ ಮನೆಗಳಿದ್ದವು.

ಹರಿಣಾಕ್ಷಿ ತುಳುವಿನಲ್ಲೇ ಕೇಳಿದಳು, “ಈ ತೋಡಿನಲ್ಲಿ ಯಾವಾಗಲೂ ನೀರು ಉಂಟಾ, ಹೂವಪ್ಪಣ್ಣ?”

“ಗುಡ್ಡೆಯ ನೀರೆಲ್ಲ ಇದರಲ್ಲೇ ಇಳಿಯುದಲ್ವಾ? ಮಳೆಗಾಲದಲ್ಲಿ ನನ್ನ ಎದೆಯವರೆಗೆ ಬರ್ತದೆ. ಏಪ್ರಿಲಿನಲ್ಲಿ ಬಿಸು ಹಬ್ಬ ಕಳೆದ ಮೇಲೆ ಒಣಗ್ತದೆ. ಆಗ ಒಂದೂವರೆ ತಿಂಗಳು ನಾವು ಇದರಲ್ಲೇ ನಡೆದು ಬಸ್ಸಿಗೆ ಹೋಗುದು.” ಅವನು ಜಿತೇಶನನ್ನೊಮ್ಮೆ ನೋಡಿ ದನಿ ತಗ್ಗಿಸಿದ. “ಇಲ್ಲಿ ಮಣ್ಣು ತುಂಬಿಸ್ತಾರೆ ಅಂತಾರೆ. ತುಂಬಿಸಿದ್ರೆ ನೀರು ಎಲ್ಲಿಗೆ ಹೋಗುದು ಮೇಡಂ?”

ಕೈಯಲ್ಲಿದ್ದ ನಕ್ಷೆಯನ್ನು ಹರಿಣಾಕ್ಷಿ ಮತ್ತೆ ಬಿಡಿಸಿ ನೋಡಿದಳು. ತೋಡು ಇಲ್ಲ. ಅದಿರಬೇಕಾದಲ್ಲಿ ಒಂದು ಸಣ್ಣ ಚುಕ್ಕಿ ಗೆರೆ ಇತ್ತು. ಚುಕ್ಕಿ ಗೆರೆಯೆಂದರೆ ಕಾಲುದಾರಿ.

ಕಚೇರಿಗೆ ಮರಳಿದವಳೇ ಹಳೆಯ ಕಪಾಟು ತೆಗೆಸಿದಳು. ಏಳು ವರ್ಷಗಳ ಹಿಂದೆ ಮಹಾಯೋಜನೆಯನ್ನು ಹೊಸದಾಗಿ ಮಾಡುವಾಗ ಪ್ರತಿ ಗ್ರಾಮಕ್ಕೂ ಹೋಗಿ, ಯಾವ ಸರ್ವೆ ನಂಬರಿನಲ್ಲಿ ಏನಿದೆ ಎಂದು ಬರೆದು ತಂದಿದ್ದ ಹಾಳೆಗಳು ಅಲ್ಲಿದ್ದವು. ಧೂಳು ಒರೆಸಿ ಪಡುಮಜಲಿನ ಕಟ್ಟು ಬಿಚ್ಚಿದಳು. ಹದಿನಾರನೆಯ ಹಾಳೆಯಲ್ಲಿ ‘ಕಾಲುದಾರಿ’ ಎಂದು ಬರೆದಿತ್ತು. ಕೆಳಗೆ ಮೇ ಎರಡನೆಯ ತಾರೀಕು. ಅದರ ಪಕ್ಕದಲ್ಲಿ ಅವಳದೇ ಸಹಿ.

ಕುರ್ಚಿ ಎಳೆದು ಕುಳಿತಳು. ಎಲ್ಲ ನೆನಪಾಯಿತು. ಒಂದು ವಾರದಲ್ಲಿ ನೂರ ನಲವತ್ತು ಸರ್ವೆ ನಂಬರು ಮುಗಿಸಬೇಕಿತ್ತು. ಆ ದಿನದ ಬಿಸಿಲಿಗೆ ಡಾಮರು ಚಪ್ಪಲಿಗೆ ಅಂಟುತ್ತಿತ್ತು. ಹನ್ನೆರಡೂವರೆಯ ಬಸ್ಸು ತಪ್ಪಿದರೆ ಮುಂದಿನದು ಮೂರು ಗಂಟೆಗೆ. ರಸ್ತೆಯಿಂದ ಇಳಿದು ನಲವತ್ತು ಹೆಜ್ಜೆ ನಡೆದಿರಬಹುದು. ಜನ ತುಳಿದು ಗಟ್ಟಿಯಾಗಿದ್ದ ಒಣ ಪಟ್ಟಿಯೊಂದು ಗದ್ದೆಗಳ ನಡುವೆ ಹೋಗಿತ್ತು. ಕಾಲುದಾರಿ ಎಂದು ಬರೆದು ತಿರುಗಿ ಬಂದಿದ್ದಳು. ಆ ಒಂದು ಪದದಿಂದ ನೀಲಿ ಗೆರೆ ಬರಲಿಲ್ಲ. ನೀಲಿ ಗೆರೆ ಇಲ್ಲದ್ದರಿಂದ, ರಸ್ತೆ ಬದಿಯ ಬೇರೆ ಜಾಗಗಳ ಜೊತೆಗೆ ಅದೂ ಹಳದಿಯಾಯಿತು. ಸರಕಾರ ಒಪ್ಪಿತು, ಮುದ್ರೆ ಬಿತ್ತು.

ಸಂಜೆ ಕಡಿಯಾಳಿಯ ಬಾಡಿಗೆ ಮನೆಯಲ್ಲಿ ತಾಯಿಗೆ ಹೇಳಿದಳು. ರತ್ನಾವತಿ ಮೂವತ್ತು ವರ್ಷ ಕಾಪು ಪೇಟೆಯಲ್ಲಿ ಮೀನು ಮಾರಿ ಮಗಳನ್ನು ಓದಿಸಿದವಳು. ಚಹಾದ ಲೋಟವನ್ನು ಕೆಳಗಿಟ್ಟಳು.

“ನಾನು ತೂಕದಲ್ಲಿ ತಪ್ಪಿದ್ರೆ ಮರುದಿನ ಎರಡು ಬಂಗುಡೆ ಹೆಚ್ಚು ಹಾಕಿ ಕೊಟ್ಟರೆ ಆಗ್ತಿತ್ತು. ನಿನ್ನ ತಪ್ಪಿಗೆ ಎಂತ ಹಾಕುದು ಮಗಾ?”

ಮರುದಿನವೇ ಹರಿಣಾಕ್ಷಿ ಕಾಪುವಿನ ತಾಲೂಕು ಕಚೇರಿಗೆ ಹೋಗಿ ಹಳೆಯ ಗ್ರಾಮನಕ್ಷೆಯ ಪ್ರತಿ ತಂದಳು. ಬ್ರಿಟಿಷರ ಕಾಲದಲ್ಲಿ ಬರೆದ ಆ ನಕ್ಷೆಯಲ್ಲಿ ತೋಡು ಎರಡು ತೆಳು ಗೆರೆಗಳಾಗಿ ಗುಡ್ಡೆಯಿಂದ ಪಡುವಣಕ್ಕೆ ಇಳಿದಿತ್ತು. ಅದನ್ನು ಹಿಡಿದುಕೊಂಡು ಮೇಲಧಿಕಾರಿ ವಿಠಲರ ಕೋಣೆಗೆ ಹೋದಳು. ವಿಠಲರಿಗೆ ನಿವೃತ್ತಿಗೆ ಒಂದು ವರ್ಷವಿತ್ತು. ಕೆಟ್ಟ ಮನುಷ್ಯರಲ್ಲ, ಸಿಬ್ಬಂದಿಯ ಮೇಲೆ ದನಿ ಎತ್ತಿದವರೂ ಅಲ್ಲ. ನಕ್ಷೆಯನ್ನು ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು.

“ತೋಡು ಉಂಟು. ನಾನು ಇಲ್ಲ ಅನ್ನುದಿಲ್ಲ. ಆದ್ರೆ ಸರಕಾರ ಒಪ್ಪಿದ ಮಹಾಯೋಜನೆಯಲ್ಲಿ ಅದಿಲ್ಲ. ಅವರು ಅದನ್ನು ನೋಡಿಯೇ ಜಾಗ ತೆಗೆದುಕೊಂಡದ್ದು. ನಾಳೆ ಕೋರ್ಟಿಗೆ ಹೋದ್ರೆ ನಾವು ಎಂತ ಹೇಳುದು?”

“ಮಹಾಯೋಜನೆಯಲ್ಲಿ ತಪ್ಪಾಗಿದೆ ಅಂತ ಹೇಳುವ ಸರ್. ತಪ್ಪು ನನ್ನದು. ನಾನು ಬರೆದು ಕೊಡ್ತೇನೆ.”

“ಹರಿಣಾಕ್ಷಿ, ಯೋಚನೆ ಮಾಡಿ. ಬರೆದದ್ದು ಕಡತದಲ್ಲಿ ಕೂತರೆ ಮತ್ತೆ ಏಳುದಿಲ್ಲ.”

ಅವಳು ಎರಡು ದಿನ ಯೋಚಿಸಿದಳು. ಮೂರನೆಯ ದಿನ ಒಂದೂವರೆ ಪುಟದ ಹೇಳಿಕೆ ಬರೆದಳು. ತಾನು ಬೇಸಗೆಯಲ್ಲಿ ಹೋದದ್ದು, ಪೂರ್ತಿ ನಡೆಯದೆ ಬರೆದದ್ದು, ಅದು ಕಾಲುದಾರಿಯಲ್ಲ ತೋಡು ಎಂಬುದು, ತುಂಬಿಸಿದರೆ ಮೇಲಿನ ಏಳು ಮನೆಗಳಿಗೆ ನೀರು ನುಗ್ಗುತ್ತದೆ ಎಂಬುದು. ಬಡಾವಣೆಯನ್ನು ಈ ರೂಪದಲ್ಲಿ ಒಪ್ಪಬಾರದು, ಮಹಾಯೋಜನೆಯನ್ನು ತಿದ್ದಲು ಸರಕಾರಕ್ಕೆ ಬರೆಯಬೇಕು ಎಂದು ಕೊನೆಗೆ ಸೇರಿಸಿದಳು. ಸಹಿ ಹಾಕಿ, ತಾನೇ ಹೋಗಿ ವಿಠಲರ ಮೇಜಿನ ಮೇಲೆ ಇಟ್ಟಳು.

ಫೆಬ್ರವರಿಯ ಕೊನೆಗೆ, ಹೇಳಿಕೆಯ ಸುದ್ದಿ ತಿಳಿದು ಜಿತೇಶ್ ಕಚೇರಿಗೆ ಬಂದ. ಸಿಟ್ಟಾಗಿರಲಿಲ್ಲ.

“ಮೇಡಂ, ನಾವು ಕದ್ದು ಎಂತ ಮಾಡಿಲ್ಲ. ನಿಮ್ಮ ಆಫೀಸಿನ ನಕ್ಷೆ ನೋಡಿಯೇ ಬಂದದ್ದು. ನೀರು ಹೋಗ್ಲಿಕ್ಕೆ ಮೂರು ಅಡಿಯ ಪೈಪ್ ಹಾಕ್ತೇವೆ. ಇನ್ನೆಂತ ಮಾಡ್ಬೇಕು ನೀವೇ ಹೇಳಿ.”

“ಆರು ಅಡಿ ಅಗಲದ ತೋಡನ್ನು ಮೂರು ಅಡಿಯ ಪೈಪಿನಲ್ಲಿ ಹಾಕ್ಲಿಕ್ಕೆ ಆಗುದಿಲ್ಲ ಜಿತೇಶ್. ತೋಡು ಬಿಟ್ಟು, ಎರಡೂ ಬದಿ ಜಾಗ ಬಿಟ್ಟು, ಹೊಸ ನಕ್ಷೆ ಮಾಡಿ.”

“ಬಿಟ್ಟರೆ ಒಂಬತ್ತು ಮನೆ ಹೋಗ್ತದೆ ಮೇಡಂ. ನಿಮ್ಮ ತಪ್ಪಿಗೆ ನಾವು ಯಾಕೆ ಕಳೆದುಕೊಳ್ಳುದು?”

ಅವಳು ಕಡತ ತೆರೆದು, ಅವನು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಳು.

ಪ್ರಾಧಿಕಾರದ ಸಭೆ ಮಾರ್ಚ್ ಹದಿನೆಂಟಕ್ಕೆ ನಿಗದಿಯಾಯಿತು. ತೊಂದರೆಗೊಳಗಾಗುವವರು ಆಕ್ಷೇಪಣೆ ಕೊಟ್ಟರೆ ತನ್ನ ಹೇಳಿಕೆಗೆ ಬಲ ಬರುತ್ತದೆ ಎಂದುಕೊಂಡು ಹರಿಣಾಕ್ಷಿ ಒಂದು ಭಾನುವಾರ ಬಸ್ಸಿನಲ್ಲಿ ಪಡುಮಜಲಿಗೆ ಹೋದಳು. ಹೂವಪ್ಪ ಮನೆಯಲ್ಲಿರಲಿಲ್ಲ. ಸೊಸೆ ಸುಗಂಧಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಅವಳ ಗಂಡ ವಿಶಾಲ್ ಮಲ್ಪೆಯಲ್ಲಿ ಬೋಟಿಗೆ ಹೋಗುವವನು. ಹರಿಣಾಕ್ಷಿ ಹೇಳಿದ್ದನ್ನೆಲ್ಲ ಸುಗಂಧಿ ಕೈ ನಿಲ್ಲಿಸದೆ ಕೇಳಿದಳು.

“ಮೇಡಂ, ನಮ್ಮ ಏಳು ಮನೆಗೂ ಹಕ್ಕುಪತ್ರ ಇಲ್ಲ. ಅರ್ಜಿ ಕೊಟ್ಟು ಹದಿನಾಲ್ಕು ವರ್ಷ ಆಯ್ತು. ಈಗ ನಾವು ಸಹಿ ಹಾಕಿ ಕೊಟ್ಟರೆ, ಇವರು ಯಾರು, ಇಲ್ಲಿ ಯಾಕೆ ಇದ್ದಾರೆ ಅಂತ ಮೊದಲು ಕೇಳ್ತಾರೆ. ಮತ್ತೆ ನೀರು ಬರುದಲ್ಲ, ನಮ್ಮನ್ನೇ ಏಳಿಸ್ತಾರೆ.”

“ನೀರು ಬಂದ್ರೆ?”

“ನೀರು ಬಂದ್ರೆ ಇಳಿದು ಹೋಗ್ತದೆ. ಅಧಿಕಾರಿಗಳು ಬಂದ್ರೆ ಹೋಗುದಿಲ್ಲ.” ಹೇಳಿದ ಮೇಲೆ ತನ್ನೆದುರು ಕುಳಿತವಳೂ ಅಧಿಕಾರಿಯೇ ಎಂದು ನೆನಪಾಗಿ ಅವಳ ಮುಖ ಕೆಂಪಾಯಿತು. “ನಿಮಗೆ ಹೇಳಿದ್ದಲ್ಲ ಮೇಡಂ.”

ಉಳಿದ ಆರು ಮನೆಗಳಲ್ಲೂ ಅದೇ ಮಾತು. ಒಂದು ಮನೆಯವರು ಬಾಗಿಲನ್ನೇ ತೆರೆಯಲಿಲ್ಲ. ಬಡಾವಣೆಯಾದರೆ ಮನೆಕೆಲಸ ಸಿಗುತ್ತದೆ ಎಂಬ ಆಸೆ ಇನ್ನೊಂದು ಮನೆಯವರಿಗೆ. ಹರಿಣಾಕ್ಷಿ ಸಹಿಯಿಲ್ಲದ ಕಾಗದಗಳನ್ನು ಚೀಲದೊಳಗೆ ಇಟ್ಟುಕೊಂಡು ಬಸ್ ನಿಲ್ದಾಣಕ್ಕೆ ನಡೆದಳು.

ಆದರೂ ಸಭೆಯ ದಿನ ಹೂವಪ್ಪ ಬಂದ. ಬಿಳಿ ಅಂಗಿ ಹಾಕಿಕೊಂಡು, ಸೊಸೆಗೆ ಹೇಳದೆ, ಎರಡು ಬಸ್ಸು ಬದಲಿಸಿ ಬಂದಿದ್ದ. ಕೊನೆಯ ಸಾಲಿನಲ್ಲಿ ಕುಳಿತುಕೊಂಡ.

ಮೊದಲು ಹರಿಣಾಕ್ಷಿಯ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ತನ್ನ ವಾಕ್ಯಗಳು ಇನ್ನೊಬ್ಬರ ಬಾಯಲ್ಲಿ ಹೀಗೆ ಕೇಳುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ‘ಪೂರ್ತಿ ನಡೆಯದೆ’ ಎಂಬಲ್ಲಿ ಯಾರೋ ನಕ್ಕರು. ಓದು ಮುಗಿದ ಮೇಲೆ ಸದಸ್ಯರೊಬ್ಬರು ಕೇಳಿದರು.

“ಅಂದರೆ ಆಗ ನೀವು ತಪ್ಪು ಬರೆದಿರಿ. ಅಲ್ವಾ?”

“ಹೌದು ಸರ್.”

“ಈಗ ಬರೆದದ್ದು ಸರಿ ಅಂತ ನಾವು ಹೇಗೆ ನಂಬುದು?”

“ಗ್ರಾಮನಕ್ಷೆ ಇಟ್ಟಿದ್ದೇನೆ ಸರ್. ಜಾಗಕ್ಕೆ ಬಂದು ನೋಡಬಹುದು. ನೀರು ಇನ್ನೂ ಉಂಟು.”

“ಎಲ್ಲ ಗದ್ದೆಯಲ್ಲೂ ನೀರು ಇರ್ತದೆ ಮಾರಾಯ್ತಿ. ಅದಕ್ಕೆಲ್ಲ ಮಹಾಯೋಜನೆ ಬದಲಿಸ್ತಾ ಕೂರುದಾ?”

ಆಗ ಹೂವಪ್ಪ ಎದ್ದು ನಿಂತ. ಅಷ್ಟು ಜನರೆದುರು ಕನ್ನಡದಲ್ಲಿ ಮಾತಾಡಿ ಅವನಿಗೆ ರೂಢಿಯಿರಲಿಲ್ಲ. ಒಂದೊಂದೇ ಮಾತು ಹುಡುಕಿ ಹೇಳಿದ. “ನಾನು ಎಪ್ಪತ್ತೆರಡು ವರ್ಷ ಆ ತೋಡಿನ ಬದಿಯಲ್ಲಿ ಇದ್ದೇನೆ. ಪ್ರತಿ ವರ್ಷ ಕಟ್ಟ ಹಾಕುವವ ನಾನೇ. ತೋಡು ಉಂಟು.”

“ನಿಮ್ಮ ಜಾಗದ ದಾಖಲೆ?” ಎಂದು ಕೇಳಿದರು. ಇಲ್ಲವೆಂದು ಹೂವಪ್ಪ ತಲೆಯಾಡಿಸಿದ. ದಾಖಲೆ ಇಲ್ಲದವರ ಆಕ್ಷೇಪಣೆಯನ್ನು ಬರೆದುಕೊಳ್ಳಲು ಬರುವುದಿಲ್ಲ ಎಂದು ವಿಠಲರು ಮೆಲ್ಲಗೆ, ತಲೆ ತಗ್ಗಿಸಿಯೇ ಹೇಳಿದರು. ನೀರು ಹೋಗಲು ವ್ಯವಸ್ಥೆ ಮಾಡಬೇಕೆಂಬ ಷರತ್ತಿನೊಂದಿಗೆ ಬಡಾವಣೆಗೆ ಒಪ್ಪಿಗೆಯಾಯಿತು. ಒಟ್ಟು ಹತ್ತು ನಿಮಿಷ. ಮುಂದಿನ ವಿಷಯ ಮಣಿಪಾಲದ ಒಂದು ವಾಹನ ನಿಲುಗಡೆಯದು.

ಹೊರಗೆ ಮೆಟ್ಟಿಲ ಬಳಿ ಹೂವಪ್ಪ ಚಪ್ಪಲಿ ಹುಡುಕುತ್ತಿದ್ದ. ಹರಿಣಾಕ್ಷಿ ಓಡಿ ಬಂದಳು.

“ಹೂವಪ್ಪಣ್ಣ, ಅದನ್ನು ಬರೆದದ್ದು ನಾನು. ಮೊದಲೇ ನಿಮಗೆ ಹೇಳಬೇಕಿತ್ತು.”

ಅವನು ಅವಳ ಮುಖವನ್ನು ನೋಡಿದ. ಸಿಟ್ಟಿನಿಂದಲ್ಲ.

“ಬೇಸಗೆಯಲ್ಲಿ ಅದು ದಾರಿಯ ಹಾಗೆಯೇ ಕಾಣ್ತದೆ. ಹೊಸಬರಿಗೆ ಗೊತ್ತಾಗುದಿಲ್ಲ.” ಚಪ್ಪಲಿಗೆ ಕಾಲು ತೂರಿಸಿ ಮತ್ತೆ ಹೇಳಿದ, “ನಮ್ಮಲ್ಲಿ ಯಾರಾದ್ರೂ ಒಬ್ಬರನ್ನು ಕೇಳಬಹುದಿತ್ತು ಮೇಡಂ. ಮನೆ ಹತ್ತಿರವೇ ಇತ್ತು.”

ಅವನು ಬೆಳ್ಮಣ್ ಬಸ್ಸು ಹತ್ತಿ ಮಗಳ ಮನೆಗೆ ಹೋದ. ಆ ದಿನ ಮನೆಗೆ ಹೋಗಿ ಸೊಸೆಗೆ ಮುಖ ತೋರಿಸುವ ಧೈರ್ಯ ಅವನಿಗಿರಲಿಲ್ಲ ಎಂದು ಹರಿಣಾಕ್ಷಿಗೆ ಆಮೇಲೆ ತಿಳಿಯಿತು.

ಅಂತಿಮ ನಕ್ಷೆಗೆ ಪರಿಶೀಲಿಸಿದ ಅಧಿಕಾರಿಯ ಸಹಿ ಬೇಕಿತ್ತು. ಹರಿಣಾಕ್ಷಿ ಹಾಕುವುದಿಲ್ಲ ಎಂದಳು. ವಿಠಲರು ಬಾಗಿಲು ಮುಚ್ಚಿ ಅವಳನ್ನು ಕೂರಿಸಿದರು.

“ನೀವು ಹಾಕದಿದ್ರೆ ನಿಮ್ಮ ಪಕ್ಕದ ಮೇಜಿನ ಉಜ್ವಲ್ ಹಾಕ್ತಾನೆ. ಷರತ್ತಿನಲ್ಲಿ ‘ಸೂಕ್ತ ವ್ಯವಸ್ಥೆ’ ಅಂತ ಮಾತ್ರ ಉಂಟು. ಅವನು ಮೂರು ಅಡಿಯ ಪೈಪ್ ಒಪ್ಪಿ ಕಳಿಸ್ತಾನೆ. ನೀವು ಸಹಿ ಹಾಕುದಾದ್ರೆ ಎಷ್ಟು ಅಗಲದ ಮೋರಿ ಬೇಕು ಅಂತ ನೀವೇ ಬರೆಯಬಹುದು. ನಾನು ತಿದ್ದುದಿಲ್ಲ. ಅಷ್ಟು ನನ್ನ ಕೈಯಲ್ಲಿ ಉಂಟು.”

ಅವಳು ಗುಡ್ಡೆಯ ಇಳಿಜಾರು, ಮಳೆಯ ಪ್ರಮಾಣ ಎಲ್ಲ ಲೆಕ್ಕ ಹಾಕಿ, ತೋಡಿನಷ್ಟೇ ಅಗಲದ, ಮೇಲೆ ತೆರೆದ ಕಾಂಕ್ರೀಟ್ ಕಾಲುವೆಯನ್ನು ನಕ್ಷೆಯಲ್ಲಿ ಬರೆಸಿದಳು. ಆಮೇಲೆ ಸಹಿ ಹಾಕಿದಳು. ಏಳು ಮನೆಗಳಿಗೆ ತನ್ನಿಂದಾದದ್ದು ಇಷ್ಟು ಎಂದು ಅಂದು ರಾತ್ರಿ ತಾಯಿಗೆ ಹೇಳಿದಳು. ರತ್ನಾವತಿ “ಆಯ್ತು ಮಗಾ” ಎಂದಳು.

ಏಪ್ರಿಲ್ ಹತ್ತರಂದು ಹರಿಣಾಕ್ಷಿಗೆ ಎರಡು ಕಾಗದ ಬಂದವು. ಒಂದು, ಕರ್ತವ್ಯಲೋಪವನ್ನು ತಾನೇ ಒಪ್ಪಿಕೊಂಡದ್ದರಿಂದ ಶಿಸ್ತು ಕ್ರಮ ಏಕೆ ಕೈಗೊಳ್ಳಬಾರದು ಎಂಬ ನೋಟೀಸು. ಇನ್ನೊಂದು, ಕಾರ್ಕಳಕ್ಕೆ ವರ್ಗಾವಣೆ. ಅವಳು ಹೋದ ಹದಿನೈದು ದಿನಕ್ಕೆ ಜಿತೇಶ್ ತಿದ್ದುಪಡಿ ನಕ್ಷೆ ಸಲ್ಲಿಸಿದ. ತೆರೆದ ಕಾಲುವೆಯಿಂದ ಮಕ್ಕಳಿಗೆ ಅಪಾಯ, ಸೊಳ್ಳೆ ಕಾಟ, ಆದ್ದರಿಂದ ಮೂರು ಅಡಿಯ ಪೈಪು. ಉಜ್ವಲ್ ಒಪ್ಪಿ ಸಹಿ ಹಾಕಿದ. ವಿಠಲರು ಆ ವಾರ ರಜೆಯಲ್ಲಿದ್ದರು. ಇದನ್ನು ಹರಿಣಾಕ್ಷಿಗೆ ಯಾರೂ ತಿಳಿಸಲಿಲ್ಲ.

ಅವಳು ಕಂಡದ್ದು ಮೇ ಕೊನೆಯಲ್ಲಿ. ಮದುವೆಯೊಂದಕ್ಕೆಂದು ಕಾಪುವಿಗೆ ಬಂದವಳು ತಡೆಯಲಾಗದೆ ರಿಕ್ಷಾ ಮಾಡಿಕೊಂಡು ಪಡುಮಜಲಿಗೆ ಹೋದಳು. ಒಂಬತ್ತು ಎಕರೆಯೂ ಕೆಂಪು ಮಣ್ಣು ತುಂಬಿ ಆಳೆತ್ತರ ಏರಿತ್ತು. ಕಾಲುವೆ ಎಲ್ಲೂ ಇರಲಿಲ್ಲ. ಮಣ್ಣಿನ ಗೋಡೆಯ ಬುಡದಲ್ಲಿ, ಮನೆಗಳ ಕಡೆಗೆ ಮುಖ ಮಾಡಿ ಒಂದು ಪೈಪಿನ ಬಾಯಿ ಕಾಣುತ್ತಿತ್ತು. ರಿಕ್ಷಾದವನು ಕಾಯುತ್ತಿದ್ದ. ಅವಳು ಏಳು ಮನೆಗಳ ಕಡೆ ಹೋಗಲಿಲ್ಲ. ಹೋಗಿ ಹೇಳಲು ಏನಿತ್ತು?

ಜೂನ್ ಎರಡನೆಯ ವಾರ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಗುಡ್ಡೆಯಿಂದ ಬಂದ ತರಗೆಲೆ, ಕೊಂಬೆಗಳು ಪೈಪಿನ ಬಾಯಿಗೆ ಸಿಕ್ಕಿಕೊಂಡವು. ಹೂವಪ್ಪ ಹಾರೆ ಹಿಡಿದು ಇಳಿದ. ಪಕ್ಕದ ಮನೆಯವರು ಕೂಗಿ ಕರೆದರೂ ಮೇಲೆ ಬರಲಿಲ್ಲ. ಒಂದು ಗಂಟೆ ಹೊತ್ತು ಕಸ ಎಳೆದು ಹಾಕುತ್ತಲೇ ಇದ್ದನಂತೆ. ಆಮೇಲೆ ತುಂಬಿಸಿದ್ದ ಮಣ್ಣಿನ ಒಂದು ಪಾಲು ನೆನೆದು ಕುಸಿಯಿತು. ಅವನನ್ನು ಹೊರಗೆ ತೆಗೆದಾಗ ಮಧ್ಯಾಹ್ನ. ಉಸಿರು ಇರಲಿಲ್ಲ. ಅಷ್ಟರಲ್ಲಿ ಏಳು ಮನೆಗಳಲ್ಲೂ ಸೊಂಟದವರೆಗೆ ನೀರು ನಿಂತಿತ್ತು, ಸುಗಂಧಿಯ ಅಡುಗೆಕೋಣೆಯ ಗೋಡೆ ಬಿದ್ದಿತ್ತು.

ಹರಿಣಾಕ್ಷಿ ಪತ್ರಿಕೆಯ ಒಳಪುಟದಲ್ಲಿ ಓದಿದಳು. ಮಣ್ಣು ಕುಸಿದು ವೃದ್ಧ ಸಾವು ಎಂದಿತ್ತು. ಕಾರ್ಕಳದ ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಕೆಲಸ ಮಾಡಿದಳು. ಏನು ಮಾಡಿದಳೆಂದು ಅವಳಿಗೆ ನೆನಪಿಲ್ಲ. ಊಟದ ಡಬ್ಬಿ ಬಿಚ್ಚಿ ಹಾಗೆಯೇ ಮುಚ್ಚಿದಳು. ಹೂವಪ್ಪನ ಉತ್ತರಕ್ರಿಯೆಯ ಬೊಜ್ಜಕ್ಕೆ ಹೋಗಬೇಕೆಂದು ಹದಿಮೂರನೆಯ ದಿನದವರೆಗೂ ಅಂದುಕೊಂಡಳು, ಹೋಗಲಾಗಲಿಲ್ಲ.

ಜುಲೈಯಲ್ಲಿ ಸುಗಂಧಿಯೇ ಫೋನ್ ಮಾಡಿದಳು. ಅವರು ಬೆಳ್ಮಣ್‌ನಲ್ಲಿ ಹೂವಪ್ಪನ ಮಗಳ ಮನೆಯ ಹಿಂದೆ ಒಂದು ಕೋಣೆಯಲ್ಲಿದ್ದರು.

“ಮೇಡಂ, ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದೆವು. ಇಲ್ಲಿ ತೋಡು, ಹೊಳೆ ಎಂತ ಇಲ್ಲ, ನೆರೆ ಬರುವ ಜಾಗ ಅಲ್ಲ ಅಂತ ವಾಪಸ್ ಕಳಿಸಿದ್ದಾರೆ. ನೀವು ಒಂದು ಕಾಗದ ಬರೆದು ಕೊಡ್ತೀರಾ? ತೋಡು ಉಂಟು ಅಂತ.”

“ಬರೆದು ಕೊಡ್ತೇನೆ ಸುಗಂಧಿ.” ಹರಿಣಾಕ್ಷಿ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು. “ಆದ್ರೆ ನನ್ನ ಕಾಗದಕ್ಕೆ ಈಗ ಬೆಲೆ ಇಲ್ಲ.”

“ಇರ್ಲಿ ಮೇಡಂ. ಬರೆದು ಕೊಡಿ. ಮಾವ ನಿಮ್ಮ ಬಗ್ಗೆ ಕೆಟ್ಟದು ಹೇಳಿದ್ದಿಲ್ಲ.”

ಅವಳು ಬರೆದಳು. ಆ ಸಂಜೆಯೇ ಬಸ್ಸಿನಲ್ಲಿ ಬೆಳ್ಮಣ್‌ಗೆ ಹೋಗಿ ಕೈಯಲ್ಲೇ ಕೊಟ್ಟಳು. ಸುಗಂಧಿ ಅದನ್ನು ಎರಡು ಸಲ ಓದಿ, ಮಡಚಿ, ಪ್ಲಾಸ್ಟಿಕ್ ಚೀಲದೊಳಗೆ ಇಟ್ಟಳು. ವಿಶಾಲ್ ಗೋಡೆಗೆ ಒರಗಿ ಕುಳಿತಿದ್ದವನು ಎದ್ದು ಹೊರಗೆ ಹೋದ.

ಆಗಸ್ಟಿನಲ್ಲಿ ಆ ಕಾಗದವೂ ಹಿಂದಕ್ಕೆ ಬಂತು. ಮಂಜೂರಾದ ಮಹಾಯೋಜನೆಗೆ ವ್ಯತಿರಿಕ್ತವಾಗಿರುವುದರಿಂದ ಪರಿಗಣಿಸಲಾಗುವುದಿಲ್ಲ ಎಂದು ಅಂಚಿನಲ್ಲಿ ಬರೆದಿತ್ತು. ಉಳಿದ ಆರು ಮನೆಯವರೂ ಮಳೆಗಾಲ ಮುಗಿಯುವುದರೊಳಗೆ ಒಬ್ಬೊಬ್ಬರಾಗಿ ಹೊರಟುಹೋದರು. ಬಡಾವಣೆಯಲ್ಲಿ ಮೊದಲ ನಾಲ್ಕು ವಿಲ್ಲಾಗಳ ಅಡಿಪಾಯ ಎದ್ದಿದೆ ಎಂದು, ಅತ್ತ ಹೋಗಿ ಬಂದವರೊಬ್ಬರು ಹರಿಣಾಕ್ಷಿಗೆ ಹೇಳಿದರು. ಅವಳು ಹೌದಾ ಎಂದು ಕೇಳಿ, ಎದುರಿಗಿದ್ದ ಕಡತವನ್ನು ತೆರೆದಳು.